ಡಾರ್ವಿನ್ ಕುಕ್ ಅಭ್ಯಾಸ: ಸ್ಟೋರಿಬೋರ್ಡ್‌ನಿಂದ ಕಾಮಿಕ್ ಪುಟಕ್ಕೆ (ಮೂರನೆಯ ಟಿಪ್ಪಣಿ)

ಹಿಂದಿನ ಎರಡು ಟಿಪ್ಪಣಿಗಳು ಕುಂಚ, ಮಸಿ, ಕಾಗದಗಳ ಆಯ್ಕೆಯಲ್ಲೇ ಕಳೆದುಹೋದವು. ಈ ಬಾರಿ ಕೆಲಸ ಕಥೆಯ ತನಕ ಬಂದಿದೆ. ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯಲ್ಲಿ ನಸುಕಿಗೆ ಸೇವಂತಿಗೆಯ ಮೂಟೆ ಹೊತ್ತ ಹುಡುಗನೊಬ್ಬ ಜನಸಂದಣಿಯಲ್ಲಿ ದಾರಿ ಮಾಡಿಕೊಂಡು ಅಂಗಡಿ ಸೇರುತ್ತಾನೆ. ಮಾತೇ ಇಲ್ಲದ ಈ ಪುಟ್ಟ ಪ್ರಸಂಗವನ್ನು ಮೊದಲು ಟಿವಿ ಅನಿಮೇಷನ್ನಿನ ಸ್ಟೋರಿಬೋರ್ಡ್ (ಪ್ರತಿ ಶಾಟನ್ನೂ ಮುಂಚೆಯೇ ಚೌಕಟ್ಟುಗಳಲ್ಲಿ ಬಿಡಿಸಿಡುವ ಚಿತ್ರಸರಣಿ) ಆಗಿ, ಬಳಿಕ ಕಾಮಿಕ್ ಪುಟಗಳಾಗಿ ಬಿಡಿಸುವುದು ನನ್ನ ಯೋಜನೆ. ಬೋರ್ಡ್ ಪೂರ್ತಿಯಾಗಿದೆ. ಪುಟಗಳ ಪೆನ್ಸಿಲ್ ಕೆಲಸ ಮುಗಿದು ಮಸಿ ಹಾಕುವುದು ನಡೆದಿದೆ.

ಮಾದರಿಗೆಂದು ಕಾಮಿಕ್ ಕಲಾವಿದ ಡಾರ್ವಿನ್ ಕುಕ್ ಅವರನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಕಾಮಿಕ್‌ನಿಂದ ಅನಿಮೇಷನ್ನಿಗೆ ಹೋದ ಕಲಾವಿದರು ಅಮೆರಿಕದಲ್ಲಿ ಹಲವರಿದ್ದಾರೆ; ಜಾಕ್ ಕರ್ಬಿಯವರಂಥ ದಿಗ್ಗಜರೂ ತಮ್ಮ ವೃತ್ತಿಯ ಕೊನೆಯ ಘಟ್ಟದಲ್ಲಿ ಟಿವಿ ಕಾರ್ಟೂನುಗಳಿಗೆ ಬಂದವರೇ. ಕುಕ್ ಅವರ ದಾರಿ ಇದಕ್ಕೆ ತಿರುವುಮುರುವು. 1962ರಲ್ಲಿ ಕೆನಡಾದ ಟೊರಾಂಟೊದಲ್ಲಿ ಹುಟ್ಟಿದ ಅವರ ಮೊದಲ ಕಾಮಿಕ್ ಕಥೆ 1985ರಲ್ಲಿ ಬ್ಯಾಟ್‌ಮನ್, ಸೂಪರ್‌ಮ್ಯಾನ್ ಕಾಮಿಕ್‌ಗಳ ಪ್ರಕಾಶಕರಾದ ಡಿಸಿ ಸಂಸ್ಥೆಯ ಹೊಸಬರ ಸಂಚಿಕೆಯೊಂದರಲ್ಲಿ ಪ್ರಕಟವಾಯಿತು. ಆದರೆ ಆ ಸಂಪಾದನೆಯಲ್ಲಿ ಬದುಕು ಸಾಗುವಂತಿರಲಿಲ್ಲ. ಹಾಗಾಗಿ ಅವರು ಪತ್ರಿಕೆಗಳ ಕಲಾ ನಿರ್ದೇಶಕರಾಗಿ, ವಿನ್ಯಾಸಕಾರರಾಗಿ ಬಹಳ ವರ್ಷ ದುಡಿದರು. ತೊಂಬತ್ತರ ದಶಕದಲ್ಲಿ ಬ್ಯಾಟ್‌ಮನ್ ಟಿವಿ ಅನಿಮೇಷನ್ನಿನ ನಿರ್ಮಾಪಕ, ಪಾತ್ರವಿನ್ಯಾಸಕ ಬ್ರೂಸ್ ಟಿಮ್ ನೀಡಿದ್ದ ಜಾಹೀರಾತಿಗೆ ಉತ್ತರಿಸಿ ವಾರ್ನರ್ ಬ್ರದರ್ಸ್ ಅನಿಮೇಷನ್ ಸೇರಿದ ಅವರು ಬ್ಯಾಟ್‌ಮನ್, ಸೂಪರ್‌ಮ್ಯಾನ್ ಸರಣಿಗಳ ಸ್ಟೋರಿಬೋರ್ಡ್ ಬರೆದರು. 1999ರ 'ಬ್ಯಾಟ್‌ಮನ್ ಬಿಯಾಂಡ್' ಸರಣಿಯ ಶೀರ್ಷಿಕೆ ದೃಶ್ಯಾವಳಿಯೂ ಅವರದೇ ಕೆಲಸ. ವರ್ಷಗಳ ಹಿಂದೆ ಅವರು ಡಿಸಿಗೆ ಕಳುಹಿಸಿದ್ದ ಪ್ರಸ್ತಾವವೊಂದು ಪುಸ್ತಕವಾಗಿ ಹೊರಬಂದದ್ದು 2000ದಲ್ಲಿ. ನಲವತ್ತರ ಹೊಸ್ತಿಲಲ್ಲಿ ಕಾಮಿಕ್ ಲೋಕಕ್ಕೆ ಮರಳಿದಾಗ ಅವರ ಕೈ ಸ್ಟೋರಿಬೋರ್ಡಿನಲ್ಲಿ ಪಳಗಿತ್ತು. ಆ ಪಳಗುವಿಕೆ ಪುಟದ ಮೇಲೆ ಏನು ಮಾಡುತ್ತದೆ ಎಂಬುದನ್ನು ಕೈಯಾರೆ ಬರೆದು ತಿಳಿಯುವುದೇ ನನ್ನ ಅಭ್ಯಾಸದ ಉದ್ದೇಶ.

ಮೊದಲು ಬೋರ್ಡಿನ ವಿಚಾರ. ಆ ಕಾಲದ ಟಿವಿ ಪರದೆಯ ಅಳತೆಗೆ ತಕ್ಕಂತೆ ಎಲ್ಲ ಚೌಕಟ್ಟುಗಳನ್ನೂ ನಾಲ್ಕಕ್ಕೆ ಮೂರರ ಪ್ರಮಾಣದಲ್ಲಿ ಗೀಟಿಕೊಂಡೆ. ಪ್ರತಿ ಚೌಕಟ್ಟಿನ ಕೆಳಗೂ ಚಲನೆ, ಸಂಭಾಷಣೆ, ಸದ್ದುಗಳಿಗೆ ಜಾಗವಿರಬೇಕು. ಅಮೆರಿಕದ ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ಜಾಹೀರಾತು ಕಳೆದರೆ ಕಥೆಗೆ ಉಳಿಯುವುದು ಸುಮಾರು 22 ನಿಮಿಷ, ಮತ್ತು ಆ ಸರಣಿಗಳ ಅನಿಮೇಷನ್ ನಡೆಯುತ್ತಿದ್ದುದು ಬಹುಮಟ್ಟಿಗೆ ಕೊರಿಯಾ, ಜಪಾನ್‌ಗಳ ಸ್ಟುಡಿಯೋಗಳಲ್ಲಿ. ಅಂದರೆ ಬೋರ್ಡನ್ನು ಕೈಗೆತ್ತಿಕೊಳ್ಳುವ ಅನಿಮೇಟರ್ ಸಾವಿರಾರು ಮೈಲಿ ದೂರದಲ್ಲಿ, ಬೇರೆ ಭಾಷೆಯಾಡುತ್ತ ಕುಳಿತಿರುತ್ತಾನೆ. ಪಾತ್ರ ಯಾವ ಕಡೆಯಿಂದ ಬಂದಿತು, ಯಾವ ಕಾಲು ಮುಂದಿದೆ, ಕ್ಯಾಮೆರಾ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಚಿತ್ರವೇ ಹೇಳಬೇಕು. ಬರೆದವನು ಪಕ್ಕದಲ್ಲಿ ನಿಂತು ವಿವರಿಸುವ ಅವಕಾಶವಿಲ್ಲ. ನನ್ನ ಬೋರ್ಡಿನಲ್ಲಿ ಹುಡುಗ ಮೊದಲಿನಿಂದ ಕೊನೆಯವರೆಗೆ ಎಡದಿಂದ ಬಲಕ್ಕೇ ನಡೆಯುವುದು ಇದೇ ಕಾರಣಕ್ಕೆ. ಒಂದೇ ಒಂದು ಶಾಟಿನಲ್ಲಿ ಅವನು ಬಲದಿಂದ ಎಡಕ್ಕೆ ನಡೆದರೂ ನೋಡುವವರಿಗೆ ಅವನು ಹಿಂದಿರುಗುತ್ತಿರುವಂತೆ ಕಾಣುತ್ತದೆ.

ಗೆರೆಗಳ ಮಿತವ್ಯಯ ಬೋರ್ಡಿನಿಂದ ಸಿಗುವ ಇನ್ನೊಂದು ಪಾಠ. ಸೆಕೆಂಡಿಗೆ 24 ಫ್ರೇಮುಗಳ ಅನಿಮೇಷನ್ನಿನಲ್ಲಿ ಒಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸಿದರೂ ಸೆಕೆಂಡಿಗೆ 12 ಚಿತ್ರಗಳು ಬೇಕು. ಅಂಗಿಯ ಮೇಲೆ ಬೇಡದ ಸುಕ್ಕೊಂದನ್ನು ಎಳೆದರೆ ಯಾರೋ ಒಬ್ಬರು ಅದನ್ನು ಆ ಎಲ್ಲ ಚಿತ್ರಗಳಲ್ಲೂ ಹೊರಬೇಕಾಗುತ್ತದೆ. ಬ್ರೂಸ್ ಟಿಮ್ ಅವರ ಪಾತ್ರವಿನ್ಯಾಸದಲ್ಲಿ ಅಗಲ ಭುಜ, ಚೂಪು ಗಲ್ಲ, ಬಹಳ ಕಡಿಮೆ ಒಳಗೆರೆಗಳಿರುವುದಕ್ಕೆ ಅಭಿರುಚಿಯಷ್ಟೇ ಈ ಲೆಕ್ಕವೂ ಕಾರಣವೆಂದು ನನ್ನ ಎಣಿಕೆ. ಕುಕ್ ಅವರ ಕಾಮಿಕ್ ಪುಟಗಳಲ್ಲಿ ಇದೇ ಕಡಿಮೆ ಗೆರೆ ದಪ್ಪ ಕುಂಚದ ಭಾರದೊಂದಿಗೆ ಮರಳಿ ಬರುತ್ತದೆ. ನನ್ನ ಹುಡುಗನ ಮುಖಕ್ಕೆ ಈಗ ಎರಡು ಹುಬ್ಬು, ಮೂಗಿನ ನೆರಳು, ಬಾಯಿಯ ಒಂದು ಎಳೆ ಮಾತ್ರ ಇವೆ. ಮೂಟೆಯ ಭಾರವನ್ನು ಹೇಳುವ ಹೊಣೆ ಅವನ ಕುತ್ತಿಗೆಯ ಬಾಗುವಿಕೆಗೆ ಸೇರಿದ್ದು.

ಕಾಮಿಕ್ ಪುಟಗಳಲ್ಲಿ ನಿಜವಾದ ಕುತೂಹಲ ಆರಂಭವಾಯಿತು. 2004ರಲ್ಲಿ ಆರು ಸಂಚಿಕೆಗಳಾಗಿ ಬಂದ, ಡಿಸಿಯ ಸೂಪರ್‌ಹೀರೋಗಳ ಕಥೆಯಾದ 'ದಿ ನ್ಯೂ ಫ್ರಾಂಟಿಯರ್' ಕೃತಿಯಲ್ಲಿ ಕುಕ್ ಬಹುತೇಕ ಪುಟಗಳನ್ನು ಮೂರು ಅಡ್ಡ ಪಟ್ಟಿಗಳಾಗಿ ಸೀಳುತ್ತಾರೆ. ಪ್ರತಿ ಪಟ್ಟಿಯೂ ಸಿನಿಮಾಸ್ಕೋಪ್ ಪರದೆಯಂತೆ ಪುಟದ ಪೂರ್ತಿ ಅಗಲಕ್ಕೆ ಚಾಚಿರುತ್ತದೆ. ಇದನ್ನು ನೋಡಿ ಬೋರ್ಡನ್ನೇ ಪುಸ್ತಕಕ್ಕೆ ಅಂಟಿಸಿದ್ದಾರೆ ಎನ್ನುವವರಿದ್ದಾರೆ. ಕೆಲಸ ಮಾಡಿ ನೋಡಿದ ಮೇಲೆ ಆ ಮಾತು ನನಗೆ ಒಪ್ಪಿಗೆಯಾಗುತ್ತಿಲ್ಲ. ಬೋರ್ಡಿನಲ್ಲಿ ಹುಡುಗ ಗುಂಪಿನೊಳಗೆ ನುಗ್ಗುವ ದೃಶ್ಯಕ್ಕೆ ಹಲವು ಚೌಕಟ್ಟು ಬೇಕಾಗಿತ್ತು, ಏಕೆಂದರೆ ಪ್ರತಿ ಚಲನೆಯ ಆದಿ ಅಂತ್ಯಗಳನ್ನು ತೋರಿಸಬೇಕು. ಪುಟದಲ್ಲಿ ಅದೇ ದೃಶ್ಯ ಒಂದೇ ಪಟ್ಟಿಗೆ ಇಳಿಯಿತು: ಎಡತುದಿಯಲ್ಲಿ ಹುಡುಗ, ನಡುವೆ ಗೋಡೆಯಂತೆ ನಿಂತ ಬೆನ್ನುಗಳು, ಬಲತುದಿಯಲ್ಲಿ ತಕ್ಕಡಿ ಹಿಡಿದ ಅಂಗಡಿಯಾತ. ಅವನು ಇನ್ನೂ ಎಷ್ಟು ದೂರ ಹೋಗಬೇಕು ಎಂಬುದನ್ನು ಓದುಗರ ಕಣ್ಣು ತಾನೇ ನಡೆದು ಅಳೆಯುತ್ತದೆ. ಪರದೆಯ ಮೇಲೆ ಒಂದು ಶಾಟ್ ಬಂದರೆ ಹಿಂದಿನದು ಮಾಯ. ಪುಟದಲ್ಲಿ ಮೂರೂ ಪಟ್ಟಿಗಳು ಒಟ್ಟಿಗೇ ಕಣ್ಣ ಮುಂದಿರುತ್ತವೆ, ಆದ್ದರಿಂದ ಮೇಲಿನ ಪಟ್ಟಿಯ ಕಪ್ಪು ರಾಶಿ ಕೆಳಗಿನದನ್ನು ಅದುಮದಂತೆ ತೂಗಿ ನೋಡಬೇಕು.

ಮುಖವನ್ನು ತಡೆಹಿಡಿಯುವ ಯುಕ್ತಿಯನ್ನೂ ಕುಕ್ ಅವರಿಂದಲೇ ಪಡೆದಿದ್ದೇನೆ. ರಿಚರ್ಡ್ ಸ್ಟಾರ್ಕ್ ಎಂಬ ಹೆಸರಿನಲ್ಲಿ ಡೊನಾಲ್ಡ್ ವೆಸ್ಟ್‌ಲೇಕ್ ಬರೆದ ಅಪರಾಧ ಕಾದಂಬರಿಗಳನ್ನು ಅವರು 2009ರಿಂದ ಕಾಮಿಕ್ ರೂಪಕ್ಕೆ ತಂದರು. ಮೊದಲನೆಯದರ ಆರಂಭದಲ್ಲಿ ಪಾರ್ಕರ್ ಎಂಬ ಕಳ್ಳ ಜಾರ್ಜ್ ವಾಷಿಂಗ್ಟನ್ ಸೇತುವೆ ದಾಟಿ ನ್ಯೂಯಾರ್ಕ್ ಹೊಕ್ಕು ಬೀದಿ ಬೀದಿ ಅಲೆಯುತ್ತಾನೆ. ಪುಟಗಳು ಉರುಳುತ್ತವೆ, ಮಾತು ಬಹಳ ವಿರಳ, ಮುಖ ಮಾತ್ರ ಕಾಣಿಸುವುದಿಲ್ಲ. ಎದುರಿಗೆ ಬಂದವರ ನೋಟದಲ್ಲೇ ಅವನ ಸ್ವಭಾವ ಗೊತ್ತಾಗುತ್ತ ಹೋಗುತ್ತದೆ. ಈ ವಿಳಂಬ ಬಲ ಪಡೆಯುವುದು ಪುಟ ಮಗುಚುವ ಓದುಗರ ಕೈಯಿಂದ. ಟಿವಿಯಲ್ಲಿ ಅದರ ವೇಗ ಸಂಕಲನಕಾರನ ಅಧೀನ; ಇಲ್ಲಿ ಎಡಪುಟ ಯಾವುದು, ಬಲಪುಟ ಯಾವುದು ಎಂಬುದೇ ನಿರ್ಣಾಯಕ. ನನ್ನ ಕಥೆಯಲ್ಲೂ ಹುಡುಗನ ಪೂರ್ಣ ಮುಖವನ್ನು ಬಲಪುಟದಿಂದ ತೆಗೆದು, ಹಾಳೆ ಮಗುಚಿದೊಡನೆ ಸಿಗುವ ಎಡಪುಟದ ಮೊದಲ ಪಟ್ಟಿಗೆ ಸಾಗಿಸಿದ್ದೇನೆ. ಅದಕ್ಕಾಗಿ ನಡುವೆ ಒಂದು ಪುಟ ಹೆಚ್ಚಾಯಿತು, ಆದರೂ ಬೆಲೆ ಸರಿಯಾದದ್ದೇ.

ಅಂದ ಹಾಗೆ, ಕಾಮಿಕ್‌ಗೆ ಮರಳಿದ ಮೇಲೂ ಕುಕ್ ಅನಿಮೇಷನ್ನನ್ನು ಪೂರ್ತಿ ತೊರೆದಿರಲಿಲ್ಲ. 'ದಿ ನ್ಯೂ ಫ್ರಾಂಟಿಯರ್' 2008ರಲ್ಲಿ ಅನಿಮೇಷನ್ ಚಿತ್ರವಾಯಿತು, ಬ್ಯಾಟ್‌ಮನ್ನನ 75ನೆಯ ವರ್ಷಕ್ಕೆಂದು 2014ರಲ್ಲಿ ಅವರೇ ಒಂದು ಕಿರುಚಿತ್ರ ನಿರ್ದೇಶಿಸಿದರು. 2016ರ ಮೇ ತಿಂಗಳಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಅವರಿಗಿನ್ನೂ 53 ವರ್ಷ.

ಮುಂದಿನ ಹಂತ ಬಣ್ಣದ್ದು. ಮೊದಲ ಪಾರ್ಕರ್ ಪುಸ್ತಕದಲ್ಲಿ ಕಪ್ಪಿನ ಜೊತೆಗೆ ಇರುವುದು ನೀಲಿಯ ಒಂದೇ ಛಾಯೆ. ಕತ್ತಲು, ಬೆಳಕು, ದೂರ ಎಲ್ಲವನ್ನೂ ಅದೊಂದೇ ನಿಭಾಯಿಸುತ್ತದೆ. ಹೂವಿನ ಮಾರುಕಟ್ಟೆಗೆ ನೀಲಿ ಹೊಂದದು, ಹಳದಿ ತೀರಾ ಸುಲಭದ ಆಯ್ಕೆ. ಬಲ್ಬಿನ ಬೆಳಕು ಬಿದ್ದ ತಾಡಪಾಲಿನ ಮಂಕು ಕಿತ್ತಳೆಯನ್ನು ಬೇರೆ ಕಾಗದದಲ್ಲಿ ಪ್ರಯೋಗಿಸುತ್ತಿದ್ದೇನೆ. ಮೂಟೆಯೊಳಗಿನ ಸೇವಂತಿಗೆಗೆ ಬಣ್ಣವನ್ನೇ ಕೊಡದೆ ಕಾಗದದ ಬಿಳಿಯನ್ನು ಬಿಡುವುದೆಂದು ತೀರ್ಮಾನವಾಗಿದೆ. ಕುಂಚದಲ್ಲಿ ತೆಳು ಲೇಪ ಹಚ್ಚಿದರೆ ಮಸಿ ಕದಡದೆ ನಿಲ್ಲುವ ಕಾಗದ ಖಚಿತವಾದ ಮೇಲೆ ಮೊದಲ ಎರಡು ಪುಟಗಳನ್ನು ಸ್ಕ್ಯಾನ್ ಮಾಡಿ ಬೋರ್ಡಿನ ಅದೇ ಭಾಗದ ಜೊತೆ ಇಡುತ್ತೇನೆ.