ಸುಳ್ಳು ಡಿಮಿಟ್ರಿಯ ಮೋಟುತೋಳು

ಅಂತೂ ತೋಳು ಕೂತಿತು. ನಾನು ಮಾಡುತ್ತಿರುವ 75 ಮಿಲಿಮೀಟರಿನ ಸುಳ್ಳು ಡಿಮಿಟ್ರಿ ಗೊಂಬೆಯ ತಂತಿ ಹಂದರ, ಬೂಟು, ಕತ್ತಿಪಟ್ಟಿ ಎಲ್ಲ ಯಾವಾಗಲೋ ಮುಗಿದಿದ್ದವು. ಅವುಗಳ ಬಗ್ಗೆ ನಿಮಗೆ ಹೇಳಬೇಕಾದ್ದೇನಿಲ್ಲ. ತಲೆ ತಿಂದದ್ದು ಈ ಒಂದು ತೋಳು.

ರಷ್ಯಾದ ದೊರೆ, ಅಂದರೆ ತ್ಸಾರ್, ನಾಲ್ಕನೆಯ ಇವಾನನ ಕಿರಿಯ ಮಗ ಡಿಮಿಟ್ರಿ 1591ರಲ್ಲಿ ಉಗ್ಲಿಚ್‌ನಲ್ಲಿ ಸತ್ತಾಗ ಅವನಿಗೆ ಎಂಟು ವರ್ಷ. ಸಾಯದೆ ಉಳಿದ ಆ ಡಿಮಿಟ್ರಿ ನಾನೇ ಎಂದು ಪೋಲೆಂಡಿನ ಕಡೆಯಿಂದ ತಲೆಯೆತ್ತಿದ ಯುವಕ 1605ರ ಜೂನ್‌ನಲ್ಲಿ ಮಾಸ್ಕೋ ಹೊಕ್ಕ. ಮಠದಿಂದ ಓಡಿಹೋದ ಗ್ರಿಗೊರಿ ಒತ್ರೆಪ್ಯೆವ್ ಇವನು ಎಂದು ಆಗಿನ ತ್ಸಾರ್ ಬೋರಿಸ್ ಗೊಡುನೊವ್‌ನ ಸರ್ಕಾರ ಸಾರಿದ್ದು ನೀರಿನಲ್ಲಿ ಹೋಮ ಮಾಡಿದಂತಾಯಿತು. ಸಮಕಾಲೀನರು ಬಣ್ಣಿಸಿದ ಪ್ರಕಾರ ಅವನಿಗೆ ಗಡ್ಡವಿಲ್ಲ, ಮೂಗಿನ ಬಳಿ ನರಹುಲಿ, ಒಂದು ತೋಳು ಇನ್ನೊಂದಕ್ಕಿಂತ ಗಿಡ್ಡ.

ಎಡವಟ್ಟು ಇಲ್ಲೇ. ಬೇಕೆಂದೇ ಗಿಡ್ಡ ಮಾಡಿದ ತೋಳು ಕೈತಪ್ಪಿನಂತೆ ಕಾಣುತ್ತದೆ. ಡಿಮಿಟ್ರಿಯ ತಾಯಿ ಮರಿಯಾ ನಾಗಯಾ ಎಲ್ಲರೆದುರು ಇವನನ್ನು ಮಗನೆಂದು ಒಪ್ಪಿಕೊಂಡಳು. ನನ್ನ ಗೊಂಬೆ ನೋಡಿದವರು ಮಾತ್ರ "ಒಂದು ಕೈ ಸ್ವಲ್ಪ ಚಿಕ್ಕದಾಯಿತಲ್ಲ" ಎಂದು ಮರುಕಪಟ್ಟರು. (1606ರ ಮೇನಲ್ಲಿ ಅವನ ಕೊಲೆಯಾದ ಮೇಲೆ ಅವಳೂ ಮಾತು ಬದಲಿಸಿದಳು, ಅದು ಬೇರೆ.) ಮೊಣಕೈ ಮಡಿಸಿದರೆ ವ್ಯತ್ಯಾಸ ಮಾಯ. ಭುಜ ತಿರುಗಿಸಿದರೆ ಗಿಡ್ಡ ತೋಳು ಬರೀ ಹಿಂದೆ ಸರಿದಂತೆ.

ದಾರಿ ತೋರಿಸಿದ್ದು ದರ್ಜಿಯ ಲೆಕ್ಕ. ತ್ಸಾರನ ಅಂಗಿ ಹೊಲಿಯುವವನು ಆ ತೋಳಿನ ಅಳತೆಗೇ ತೋಳುಚೀಲ ಕತ್ತರಿಸುತ್ತಾನೆ, ಅಲ್ಲವೇ? ಹಾಗಾಗಿ ಎರಡೂ ತೋಳುಚೀಲಗಳು ಮಣಿಕಟ್ಟಿಗೆ ಸರಿಯಾಗಿ ಮುಗಿಯುವಂತೆ ಮಾಡಿ, ಭುಜ ನೆಟ್ಟಗಿಟ್ಟು, ಕೈಗಳನ್ನು ಇಳಿಬಿಟ್ಟೆ. ಅಂಗಿಯ ಕೆಳ ಅಂಚು ಈಗ ಅಳತೆಗೋಲು: ಒಂದು ಕೈಯ ಬೆರಳುಗಳು ಅಂಚನ್ನು ಮುಟ್ಟುತ್ತವೆ, ಇನ್ನೊಂದರವು ಎರಡು ಮಿಲಿಮೀಟರ್ ಮೇಲೆಯೇ ನಿಲ್ಲುತ್ತವೆ. ನೋಡಿದವರು ಈಗ "ಅವನ ಕೈಗೇನಾಗಿತ್ತು?" ಎಂದು ಕೇಳುತ್ತಾರೆ.

ನರಹುಲಿ ಮಾಡಲು ಪುಟ್ಟಿಯೇ (ಮೆತ್ತಿದ ಮೇಲೆ ಗಟ್ಟಿಯಾಗುವ ಮುದ್ದೆ) ಇರಲಿಲ್ಲ. "ಹೊಚ್ಚ ಹೊಸ ಸರಕು" ಎಂಬ ಚೀಟಿ ಹೊತ್ತು ಬಂದ, ಎರಡು ಬಣ್ಣ ಕಲಸಿದಾಗ ಗಟ್ಟಿಯಾಗುವ ಎಪಾಕ್ಸಿ ಪುಟ್ಟಿಯ ಪಟ್ಟಿಯಲ್ಲಿ ಹಳದಿ ನೀಲಿಗಳು ತಾಕುವ ಗೆರೆ ಆಗಲೇ ಕಲ್ಲು. ಗಟ್ಟಿ ಭಾಗ ಕತ್ತರಿಸಿ ಎಸೆಯಿರಿ ಎಂದರು ಮಾರಿದವರು. ಎಸೆಯುವ ಭಾಗಕ್ಕೂ ಹಣ ತೆತ್ತವನು ನಾನು. ಉಳಿದ ಚೂರಿನಿಂದ ಸಾಸಿವೆಗಿಂತ ಸಣ್ಣ ಉಂಡೆ ಅಂಟಿಸಿದರೆ ಪ್ರೈಮರ್ (ಬಣ್ಣಕ್ಕೆ ಮುಂಚೆ ಬಳಿಯುವ ಅಡಿಪದರ) ಅದನ್ನು ದೂಳಿನ ಕಣ ಮಾಡಿತು. ಕೆನ್ನೆಗೆ ಬಳಿದ ತೆಳು ಬಣ್ಣವನ್ನೇ ಅದರ ಮೇಲೂ ಹರಿಸಿ, ಬುಡದ ಕೆಳಗೆ ಮಾತ್ರ ಕೂದಲೆಳೆಯಷ್ಟು ಕಂದು ಎಳೆದಾಗ ಅದು ಚರ್ಮಕ್ಕೆ ಸೇರಿತು.

ಮುಂದಿನ ಸರದಿ ಇನ್ನೊಬ್ಬ ಸೋಗುಗಾರ ಲ್ಯಾಂಬರ್ಟ್ ಸಿಮ್ನೆಲ್‌ನದು. 1487ರಲ್ಲಿ ಡಬ್ಲಿನ್‌ನಲ್ಲಿ ಇಂಗ್ಲೆಂಡಿನ ರಾಜನೆಂದು ಕಿರೀಟ ತೊಟ್ಟ ಹುಡುಗ, ಸ್ಟೋಕ್ ಕದನದಲ್ಲಿ ಸೋತು ಏಳನೆಯ ಹೆನ್ರಿಯ ಅಡುಗೆಮನೆಯಲ್ಲಿ ಮಾಂಸದ ಸಲಾಕೆ ತಿರುಗಿಸುವ ಕೆಲಸಕ್ಕೆ ಬಿದ್ದ. ಒಲೆಯ ಕೆಂಪು ಬೆಳಕು ಅವನ ಮುಖದ ಒಂದೇ ಮಗ್ಗುಲಿಗೆ ಬೀಳಬೇಕು. ಬಣ್ಣ ಕಲಸಿ ನೋಡಲು ಈಗಲೇ ಕೈ ತುರಿಸುತ್ತಿದೆ, ಆದರೆ ಡಿಮಿಟ್ರಿಯ ತುಪ್ಪಳದ ಕಾಲರ್ ಇನ್ನೂ ಬಾಕಿ.