ಸಿಂಗಪುರಕ್ಕೆ ಬಂದರೆ ಮರಕ್ಕಿಂತ ಮೊದಲು ಮೋರಿ ನೋಡಿ

ಚಾಂಗಿ ವಿಮಾನ ನಿಲ್ದಾಣದಿಂದ ಈಸ್ಟ್ ಕೋಸ್ಟ್ ಪಾರ್ಕ್‌ವೇ ಹಿಡಿದು ಊರೊಳಗೆ ಬರುವವರೆಲ್ಲ ತಲೆಯೆತ್ತಿ ನೋಡುವುದು ಮಳೆಮರಗಳನ್ನು. ಕೊಡೆ ಬಿಚ್ಚಿಟ್ಟಂತೆ ಚಾಚಿಕೊಂಡು ರಸ್ತೆಗೆ ಚಪ್ಪರ ಹಾಕಿ ನಿಂತಿರುತ್ತವೆ. ಇಲ್ಲಿ ಲ್ಯಾಂಡ್‌ಸ್ಕೇಪ್ ವಿನ್ಯಾಸ ಓದಲು ಬಂದವರು ಮಾತ್ರ ಸ್ವಲ್ಪ ದಿನದಲ್ಲೇ ಕತ್ತು ಬಗ್ಗಿಸಿ ನಡೆಯುವುದನ್ನು ಕಲಿಯುತ್ತಾರೆ. ವರ್ಷಕ್ಕೆ ಸುಮಾರು 2,100 ಮಿ.ಮೀ. ಮಳೆ, ಅದೂ ಕೆಲವು ಮಧ್ಯಾಹ್ನ ಮುಕ್ಕಾಲು ಗಂಟೆಯಲ್ಲಿ ಕೊಡದಿಂದ ಸುರಿದ ಹಾಗೆ. ಇಂಥ ಕಡೆ ಹಸಿರು ಉಳಿಯಬೇಕಾದರೆ ಬೇರಿಗೆ ಗಾಳಿ ಸಿಗಬೇಕು, ನೀರು ಹೊತ್ತಿಗೆ ಸರಿಯಾಗಿ ಜಾಗ ಖಾಲಿ ಮಾಡಬೇಕು. ಚರಂಡಿ, ಕಾಲುವೆ, ನದಿ ಸೇರಿ ಸುಮಾರು 8,000 ಕಿ.ಮೀ. ಉದ್ದದ ಜಾಲ ಇಲ್ಲಿದೆ. ದ್ವೀಪದ ಮೂರನೇ ಎರಡು ಭಾಗದಲ್ಲಿ ಬಿದ್ದ ಮಳೆ 17 ಜಲಾಶಯಗಳಿಗೆ ಸೇರಿ ಕುಡಿಯುವ ನೀರಾಗುತ್ತದೆ. ಹಾಗಾಗಿ ರಸ್ತೆಬದಿಯ ಮೋರಿಗೂ ಇಲ್ಲಿ ಕೆರೆಗೆ ನೀರು ತರುವ ಹಳ್ಳದ ಮರ್ಯಾದೆ.

ಮಳೆಮರ ಇಲ್ಲಿಯದಲ್ಲ, ಮಧ್ಯ ಮತ್ತು ದಕ್ಷಿಣ ಅಮೆರಿಕದ್ದು. ಹರವು 30 ಮೀಟರ್ ದಾಟುವುದೂ ಉಂಟು. ಸಂಜೆಯಾದರೆ, ಮೋಡ ದಟ್ಟವಾದರೆ ಎಲೆ ಮಡಚಿಕೊಳ್ಳುತ್ತದೆ. ಹನಿಗಳು ತಡೆಯಿಲ್ಲದೆ ಬುಡದ ಹುಲ್ಲಿಗೆ ಇಳಿಯುತ್ತವೆ. ಇಷ್ಟು ದೊಡ್ಡ ನೆರಳಿನ ಕೆಳಗೂ ಹುಲ್ಲು ಬದುಕಿರುವುದಕ್ಕೆ ಇದೂ ಒಂದು ಕಾರಣ. ಇದಕ್ಕೆ ಹೋಲಿಸಿದರೆ ಅಂಗ್ಸಾನದ ಕತೆ ಬೇರೆ. ಹೊನ್ನೆಯ ದಾಯಾದಿ ಅದು. 1967ರಲ್ಲಿ ಪ್ರಧಾನಿ ಲೀ ಕುವಾನ್ ಯೂ ಸರ್ಕಾರ ‘ಉದ್ಯಾನ ನಗರ’ದ ಮಾತೆತ್ತಿದಾಗ ಬೇಕಾಗಿದ್ದದ್ದು ಬೇಗ ಸಿಗುವ ನೆರಳು. ಅಂಗ್ಸಾನದ ದಪ್ಪ ಕೊಂಬೆಯನ್ನೇ ಕಡಿದು ನೆಟ್ಟರೆ ಬೇರು ಬಿಡುತ್ತದೆ, ಚಿಗುರುತ್ತದೆ: ದಿಢೀರ್ ಮರ. ಆದರೆ ಕಡಿದ ತಲೆಯ ಸುತ್ತ ಒಟ್ಟಿಗೆ ಒಡೆದ ಚಿಗುರುಗಳು ಮುಂದೆ ಕೊಂಬೆಗಳಾದಾಗ ಕಾಂಡದ ತಿರುಳಿಗೆ ಬೆಸೆದಿರುವುದಿಲ್ಲ, ತೊಗಟೆಯ ಕಡೆಗೆ ಅಂಟಿಕೊಂಡಿರುತ್ತವೆ ಅಷ್ಟೆ. ಏಪ್ರಿಲ್‌ನಿಂದ ನವೆಂಬರ್‌ವರೆಗೆ ಬೆಳಗಿನ ಜಾವ ಪಶ್ಚಿಮದಿಂದ ನುಗ್ಗುವ ‘ಸುಮಾತ್ರಾ’ ಬಿರುಗಾಳಿಗೆ ಮೊದಲು ಕಳಚುವುದು ಅಂಥ ಕೊಂಬೆಗಳೇ. ಬೇಗ ಬಂದ ನೆರಳಿನ ಬಾಕಿಯನ್ನು ಮುಂದಿನವರು ಸವರುವ ಖರ್ಚಿನಲ್ಲಿ ತೀರಿಸುತ್ತಾರೆ.

ಯಾವುದಾದರೂ ವಸತಿ ಬಡಾವಣೆಯ ಕಾರ್ ಪಾರ್ಕಿಂಗ್‌ಗೆ ಹೋಗಿ ಮರದ ಬುಡ ನೋಡಿ. ಡಾಂಬರು ಕಾಂಡದವರೆಗೆ ಬಂದಿರುವುದಿಲ್ಲ. ಸುತ್ತಲೂ ತೂತುಗಳಿರುವ ಕಾಂಕ್ರೀಟ್ ಚಪ್ಪಡಿ, ತೂತುಗಳೊಳಗೆ ಮಣ್ಣು, ಅದರಲ್ಲಿ ಅಗಲ ಎಲೆಯ ‘ಕೌ ಗ್ರಾಸ್’. ಕಾರಿನ ಭಾರ ಚಪ್ಪಡಿಯ ಮೇಲೆ, ಗಾಳಿ–ನೀರು ಬೇರಿಗೆ. ಇದನ್ನು ನೋಡಿ ನಕಲು ಮಾಡುವವರು ತಪ್ಪುವುದು ಎರಡು ಸೆಂಟಿಮೀಟರಿನಲ್ಲಿ. ತೂತಿನ ಮಣ್ಣು ಚಪ್ಪಡಿಯ ಮಟ್ಟಕ್ಕಿಂತ ಒಂದೆರಡು ಸೆಂ.ಮೀ. ಕೆಳಗಿರಬೇಕು. ಕಂಠಮಟ್ಟ ತುಂಬಿಸಿದರೆ ಟೈರು ಹುಲ್ಲಿನ ಬುಡವನ್ನೇ ಅರೆಯುತ್ತದೆ, ಮಣ್ಣು ಗಟ್ಟಿಯಾಗಿ ನೀರು ಇಳಿಯುವುದು ನಿಲ್ಲುತ್ತದೆ. ಕಾರು ದಿನವಿಡೀ ಅಲ್ಲಾಡದೆ ನಿಲ್ಲುವ ಜಾಗದಲ್ಲಂತೂ ಹುಲ್ಲಿನ ಆಸೆಯೇ ಬೇಡ. ಅಲ್ಲಿ ತೂತಿಗೆ ಜಲ್ಲಿ ಹಾಕುವುದು ಮೇಲು.

ಪಾದಚಾರಿ ಮೇಲ್ಸೇತುವೆಗಳ ಎರಡೂ ಬದಿ ಕಾಗದದ ಹೂವಿನ ತೊಟ್ಟಿಗಳಿರುತ್ತವೆ. ಮಣ್ಣು ಕಡಿಮೆ, ಬಿಸಿಲು ಪೂರ್ತಿ, ಬೇರಿಗೆ ಇಕ್ಕಟ್ಟು. ಈ ಗಿಡ ಹೂ ಬಿಡುವುದೇ ಇಂಥ ಕಷ್ಟದಲ್ಲಿ. ಮಳೆ ಹಿಡಿದ ವಾರಗಳಲ್ಲಿ ಬಂದವರಿಗೆ ಬರೀ ಎಲೆ ಕಾಣುತ್ತದೆ. ಮಾಲಿಯನ್ನು ಬೈದು ಪ್ರಯೋಜನವಿಲ್ಲ.

ಒಂದೇ ದಿನ ಇರುವುದಾದರೆ ಬಿಶಾನ್–ಆಂಗ್ ಮೊ ಕಿಯೊ ಪಾರ್ಕಿಗೆ ಹೋಗಿ. 62 ಹೆಕ್ಟೇರ್ ಜಾಗ, ಪ್ರವೇಶ ಉಚಿತ. ಕಲಾಂಗ್ ನದಿ ಇಲ್ಲಿ ಮೊದಲು 2.7 ಕಿ.ಮೀ. ಉದ್ದದ ನೇರ ಕಾಂಕ್ರೀಟ್ ಕಾಲುವೆಯಾಗಿತ್ತು. ಜಲಮಂಡಳಿಯಾದ ಪಿಯುಬಿ 2006ರಲ್ಲಿ ಶುರುಮಾಡಿದ ಎಬಿಸಿ (ಆಕ್ಟಿವ್, ಬ್ಯೂಟಿಫುಲ್, ಕ್ಲೀನ್) ವಾಟರ್ಸ್ ಯೋಜನೆಯಡಿ ಕಾಂಕ್ರೀಟ್ ಒಡೆದು 3.2 ಕಿ.ಮೀ. ಬಳುಕುವ ನದಿ ಮಾಡಿದರು. ವಿನ್ಯಾಸ ಜರ್ಮನಿಯ ಅಟೆಲಿಯೆ ಡ್ರೈಸೈಟ್ಲ್ ಸಂಸ್ಥೆಯದು, 2012ರಲ್ಲಿ ಜನರಿಗೆ ತೆರೆಯಿತು. ಒಡೆದ ಕಾಂಕ್ರೀಟ್ ಚೂರುಗಳನ್ನು ಪಾರ್ಕಿನಲ್ಲೇ ಒಂದು ಗುಡ್ಡವಾಗಿ ಪೇರಿಸಿದ್ದಾರೆ.

ನೋಡಲು ಸುಂದರ, ಸರಿ. ಲೆಕ್ಕ ಇನ್ನೂ ಸುಂದರ. ಹರಿವನ್ನು ತಡೆಯುವ ಒರಟುತನದ ಅಳತೆ ಮ್ಯಾನಿಂಗ್ ಗುಣಾಂಕ; ಹೆಚ್ಚಿದಷ್ಟೂ ನೀರು ನಿಧಾನ. ನಯವಾದ ಕಾಂಕ್ರೀಟಿಗೆ ಅದು 0.015ರ ಹತ್ತಿರ, ಗಿಡ–ಕಲ್ಲು ಇರುವ ದಡಕ್ಕೆ 0.035 ಅಥವಾ ಹೆಚ್ಚು. ಅಂದರೆ ಅದೇ ಆಳ, ಅದೇ ಇಳಿಜಾರಿನಲ್ಲಿ ನೀರಿನ ವೇಗ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಉದ್ದ ಹೆಚ್ಚಿದ್ದರಿಂದ ಇಳಿಜಾರೂ ತಗ್ಗಿತು. ವೇಗ ಇಳಿಜಾರಿನ ವರ್ಗಮೂಲದಂತೆ ಬದಲಾಗುವುದರಿಂದ 2.7ನ್ನು 3.2ರಿಂದ ಭಾಗಿಸಿ ವರ್ಗಮೂಲ ತೆಗೆದರೆ ವೇಗದಲ್ಲಿ ಇನ್ನೂ ಶೇ 8ರಷ್ಟು ಖೋತಾ. ಇಷ್ಟೆಲ್ಲ ನಿಧಾನವಾದ ಮೇಲೂ ಪ್ರವಾಹ ಹೊರಬೇಕೆಂದರೆ ಅಡ್ಡಕೊಯ್ತದ ವಿಸ್ತೀರ್ಣ ಎರಡು ಪಟ್ಟಿಗೂ ಮೀರಬೇಕು. 17ರಿಂದ 24 ಮೀಟರ್ ಅಗಲವಿದ್ದ ಕಾಲುವೆ ಈಗ ತುಂಬಿದಾಗ ಕೆಲವೆಡೆ ನೂರು ಮೀಟರಿನಷ್ಟು ಹರಡುತ್ತದೆ. ಆ ಜಾಗವನ್ನು ಹೊಸದಾಗಿ ಕೊಂಡಿಲ್ಲ. ಒಣ ದಿನ ಮಕ್ಕಳು ಚೆಂಡಾಡುವ ಹುಲ್ಲುಹಾಸೇ ಮಳೆಯ ದಿನ ನದಿಯ ಪಾತ್ರ. ಪಾರ್ಕಿನ ಗಡಿ, ಕಾಲುವೆಯ ಗಡಿ ಎಂದು ಎರಡು ಇಲಾಖೆಗಳು ಗೆರೆ ಎಳೆದುಕೊಂಡು ಕೂತಿದ್ದರೆ ಈ ನಕ್ಷೆ ಮೇಜಿನಿಂದ ಏಳುತ್ತಲೇ ಇರಲಿಲ್ಲ.

ದಡ ನಿಲ್ಲಿಸಿದ ಬಗೆಯನ್ನು ಹತ್ತಿರದಿಂದ ನೋಡಿ. ಯುರೋಪಿನಲ್ಲಿ ಈ ಕೆಲಸಕ್ಕೆ ವಿಲೋ ರೆಂಬೆ ಬಳಸುತ್ತಾರೆ, ಚುಚ್ಚಿದಲ್ಲಿ ಬೇರು ಬಿಡುತ್ತದೆ. ಇಲ್ಲಿನ ಹವೆಗೆ ಯಾವುದು ಒಗ್ಗುತ್ತದೆಂದು ತಿಳಿಯಲು 2009ರಲ್ಲಿ 60 ಮೀಟರ್ ಉದ್ದದ ಪರೀಕ್ಷಾ ದಡದಲ್ಲಿ ಹತ್ತು ವಿಧಾನ ಪ್ರಯೋಗಿಸಿದರು. ಸಾಮಾನ್ಯ ಕ್ರಮ ಹೀಗೆ: ನೀರು ಬಡಿಯುವ ಹೊರ ತಿರುವಿನ ಬುಡಕ್ಕೆ ಮೊದಲು ದೊಡ್ಡ ಕಲ್ಲು, ಅದರ ಮೇಲೆ ಇಳಿಜಾರಿಗೆ ಅಡ್ಡಲಾಗಿ ಸಣ್ಣ ಕಾಲುವೆ ತೋಡಿ ಜೀವಂತ ರೆಂಬೆಗಳ ಕಟ್ಟು ಮಲಗಿಸಿ ಗೂಟ ಹೊಡೆಯುವುದು, ಮುಕ್ಕಾಲು ಭಾಗ ಮಣ್ಣು ಮುಚ್ಚಿ, ಚಾಪೆ ಹಾಸಿ, ಸಂದಿನಲ್ಲಿ ಸಸಿ ನೆಡುವುದು. ಕಟ್ಟು ಪೂರ್ತಿ ಮುಚ್ಚಿದರೆ ಕೊಳೆಯುತ್ತದೆ, ಹೊರಗೇ ಬಿಟ್ಟರೆ ಒಣಗುತ್ತದೆ. ಚಾಪೆಯ ಮೇಲ್ದಿಕ್ಕಿನ ಅಂಚನ್ನು ಮಣ್ಣಿನೊಳಗೆ ಹೂಳದೆ ಬಿಟ್ಟರೆ ಮೊದಲ ಪ್ರವಾಹವೇ ಅದನ್ನು ಹಾಸಿಗೆ ಮಗುಚಿದಂತೆ ಎತ್ತಿಹಾಕುತ್ತದೆ. ಬುಡದ ಕಲ್ಲು ಮರೆತರಂತೂ ಮೇಲಿನ ಗಿಡಗಳೆಲ್ಲ ಚೆನ್ನಾಗಿದ್ದೂ ದಡ ಅಡಿಯಿಂದ ಕುಸಿಯುತ್ತದೆ.

ನದಿಗಿಳಿದು ಹೆಜ್ಜೆಗಲ್ಲುಗಳ ಮೇಲೆ ದಾಟಬಹುದು. ಮೇಲೆ ಎಲ್ಲೋ ಸುರಿದ ಮಳೆಗೆ ಇಲ್ಲಿ ನೀರು ಬಲು ಬೇಗ ಏರುತ್ತದೆ. ಮಟ್ಟ ಅಳೆಯುವ ಸೆನ್ಸರ್, ದೀಪ, ಸೈರನ್ ಇವೆ. ದೀಪ ಮಿನುಗಿದರೆ ಫೋಟೊ ಆಸೆ ಬಿಟ್ಟು ಮೇಲೆ ಹತ್ತಿ.

ಇದೇ ಪಾಠದ ಪುಟ್ಟ ರೂಪ ಊರ ತುಂಬ ಇದೆ: ಮಳೆತೋಟ. ರಸ್ತೆಯ ನೀರನ್ನು ಮಣ್ಣಿನ ಮೂಲಕ ಸೋಸಿ ಮೋರಿಗೆ ಬಿಡುವ ತಗ್ಗು ಪಾತಿ. ಮೇಲೆ 400ರಿಂದ 600 ಮಿ.ಮೀ. ಮರಳುಮಿಶ್ರಿತ ಮಣ್ಣು, ಕೆಳಗೆ 100 ಮಿ.ಮೀ. ದಪ್ಪ ಮರಳು, ಅದರಡಿ 150–200 ಮಿ.ಮೀ. ಜಲ್ಲಿಯಲ್ಲಿ ತೂತಿನ ಪೈಪು. ಮೇಲೆ ಒಂದಿಷ್ಟು ನೀರು ನಿಲ್ಲಲು ಜಾಗ, ಹೆಚ್ಚಾದರೆ ಹೊರಹೋಗಲು ಬಾಯಿ ಎತ್ತರಿಸಿದ ಗುಂಡಿ. ಕೆಡುವುದು ಹೆಚ್ಚಾಗಿ ಕಟ್ಟಡದ ಕೆಲಸ ಮುಗಿಯುವ ಮೊದಲೇ ಪಾತಿ ತೆರೆದಾಗ: ಕೆಸರಿನ ಜೇಡಿ ಬಂದು ಮೇಲ್ಪದರಕ್ಕೆ ಸಾರಿಸಿದಂತೆ ಕೂರುತ್ತದೆ. ಗಿಡ ಸೊಂಪಾಗಲಿ ಎಂದು ಕಾಂಪೋಸ್ಟ್ ಸುರಿದರೆ, ಸೋಸಬೇಕಾದ ಸಾರಜನಕವನ್ನು ಪಾತಿಯೇ ನೀರಿಗೆ ಬಿಡುತ್ತದೆ. ಪದರಗಳ ನಡುವೆ ಬಟ್ಟೆ ಹಾಸುವುದೂ ಬೇಡ, ಅದೇ ಮೊದಲು ಕಟ್ಟಿಕೊಳ್ಳುವುದು. ನೀರು ಒಳಬರುವ ಕರ್ಬ್‌ನ (ರಸ್ತೆಯಂಚಿನ ಕಟ್ಟೆಯ) ಕಂಡಿಯಿಂದ ಮಣ್ಣು 50 ಮಿ.ಮೀ. ಕೆಳಗಿರಲಿ, ಇಲ್ಲವಾದರೆ ಹುಲ್ಲು ಬೆಳೆದು ಬಾಗಿಲು ಮುಚ್ಚುತ್ತದೆ, ನೀರು ಪಾತಿಯ ಪಕ್ಕದಲ್ಲೇ ಓಡಿಹೋಗುತ್ತದೆ. ಡೆಂಗಿ ಸೊಳ್ಳೆ ಮೊಟ್ಟೆಯಿಂದ ರೆಕ್ಕೆಯವರೆಗೆ ಬರಲು ವಾರ ಸಾಕಾದ್ದರಿಂದ ನಿಂತ ನೀರು ಒಂದು ದಿನದೊಳಗೆ ಇಳಿದಿರಲೇಬೇಕು. ಮಳೆಯ ಮರುದಿನ ಹೋಗಿ ನೋಡಿ, ಯಾವ ಪಾತಿ ಪಾಸು ಯಾವುದು ಫೇಲು ಎಂದು ಗೊತ್ತಾಗುತ್ತದೆ.

ಗಾರ್ಡನ್ಸ್ ಬೈ ದ ಬೇ ಬಗ್ಗೆ ಎಲ್ಲರೂ ಬರೆದಿದ್ದಾರೆ. 18 ಸೂಪರ್‌ಟ್ರೀಗಳು, 25ರಿಂದ 50 ಮೀಟರ್ ಎತ್ತರ, ಸಂಜೆ ದೀಪದ ಆಟ. ಅದಕ್ಕಿಂತ ಹೋಟೆಲು–ಆಸ್ಪತ್ರೆಗಳ ಮಾಳಿಗೆಯ ಮೇಲಿನ ತೋಟಗಳು ಕಲಿಸುವುದು ಹೆಚ್ಚು. ನೆನೆದ ಮಣ್ಣು ಘನಮೀಟರಿಗೆ 1,800 ಕೆ.ಜಿ. ಆಸುಪಾಸು ತೂಗುತ್ತದೆ, ಮರಕ್ಕೆಂದು ಒಂದು ಮೀಟರ್ ಆಳ ಕೊಟ್ಟರೆ ಪ್ರತಿ ಚದರ ಮೀಟರಿಗೂ ಒಂದು ಕಾರನ್ನು ನಿಲ್ಲಿಸಿದಷ್ಟು ಭಾರ. ಅದಕ್ಕೇ ಮರಗಳು ಬಹುಪಾಲು ಕಂಬದ ನೆತ್ತಿಗೆ ಬರುತ್ತವೆ, ನಡುವೆ ಅರ್ಧ ಮೀಟರಿನಲ್ಲಿ ಪೊದೆಗಳು. ಒಳ್ಳೆಯ ಕೆಲಸದ ಗುರುತು ನೀರು ಹೊರಹೋಗುವ ತೂತಿನ ಮೇಲೆ ಕೈ ಹಾಕಿ ಎಲೆ ತೆಗೆಯಬಲ್ಲ ಮುಚ್ಚಳ. ಅದಿಲ್ಲದ ತೊಟ್ಟಿ ಇಂದಲ್ಲ ನಾಳೆ ಕೆಳಗಿನ ಮಹಡಿಯ ಸೀಲಿಂಗಿನಲ್ಲಿ ಕಲೆಯಾಗಿ ಕಾಣಿಸಿಕೊಳ್ಳುತ್ತದೆ.

ಬರುವಾಗ ಐದು ಮೀಟರ್ ಟೇಪು, ಕೊಡೆ, ಪೆನ್ಸಿಲ್ ಸಾಕು. ಇಳಿಜಾರು ಅಳೆಯಲು ಒಂದು ಮೀಟರಿನ ಪಟ್ಟಿಯ ಒಂದು ತುದಿಯನ್ನು ನೆಲಕ್ಕೆ ತಾಗಿಸಿ ಮಟ್ಟಸವಾಗಿ ಹಿಡಿದು ಇನ್ನೊಂದು ತುದಿಯಿಂದ ನೆಲಕ್ಕೆಷ್ಟು ಎಂದು ನೋಡಿ: 83 ಮಿ.ಮೀ. ಬಂದರೆ 1:12, ಗಾಲಿಕುರ್ಚಿಯ ರ‍್ಯಾಂಪಿನ ಗರಿಷ್ಠ ಮಿತಿ. ಪಾರ್ಕಿನಲ್ಲಿ ಮಣ್ಣು ಅಗೆಯುವುದು, ಗಿಡ ಕೀಳುವುದು ಕಾನೂನುಬಾಹಿರ; ಎಲೆಯ ಮಾದರಿ ಬೇಕಾದರೆ ಚಿತ್ರ ಬರೆದುಕೊಳ್ಳಿ.

ಕೊನೆಯ ಸಂಜೆಗೆ 1859ರ ಬೊಟಾನಿಕ್ ಗಾರ್ಡನ್ಸ್ ಇಟ್ಟುಕೊಳ್ಳಿ. ಅಲ್ಲಿನ ದೊಡ್ಡ ಟೆಂಬುಸು ಮರ ಐದು ಡಾಲರ್ ನೋಟಿನ ಬೆನ್ನಿನ ಮೇಲೂ ಇದೆ. ಅದರ ಒಂದು ಕೊಂಬೆ ನೆಲಕ್ಕೆ ಸಮಾನಾಂತರವಾಗಿ ದೂರಕ್ಕೆ ಚಾಚಿದೆ. ಒಂದು ಕಾಲಕ್ಕೆ ಜನ ಅದರ ಮೇಲೆ ಕೂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಈಗ ಕೊಂಬೆಗೆ ಆಸರೆಗಂಬ, ಸುತ್ತ ಬೇಲಿ. ಬೇಲಿ ಕಾಂಡಕ್ಕೆ ಅಂಟಿಕೊಂಡಿಲ್ಲ, ಸಾಕಷ್ಟು ಆಚೆ ಇದೆ. ಮರ ಉಣ್ಣುವ ಸಣ್ಣ ಬೇರುಗಳು ಹೆಚ್ಚಾಗಿ ಮೇಲಿನ ಅರ್ಧ ಮೀಟರ್ ಮಣ್ಣಿನಲ್ಲೇ ಹಬ್ಬಿರುತ್ತವೆ, ಕಾಲ್ತುಳಿತ ಮೊದಲು ಕೊಲ್ಲುವುದು ಅವನ್ನೇ.