ಪಂಪ್ ಕೊಳ್ಳುವ ಮೊದಲು ಸ್ಕೇಲ್ ಹಿಡಿಯಿರಿ

ಬ್ರೆಸ್ಟ್ ಪಂಪ್ ಹುಡುಕುವವರು ಮೊದಲು ನೋಡುವುದು ಮೋಟಾರನ್ನು. ಎಷ್ಟು ಲೆವೆಲ್ ಇದೆ, ಎಷ್ಟು ಜೋರಾಗಿ ಎಳೆಯುತ್ತದೆ, ಡಿಸ್‌ಪ್ಲೇ ಇದೆಯೇ ಎಂದು. ಆದರೆ ಹಾಲು ಸರಿಯಾಗಿ ಬರುವುದೂ ಬಾರದಿರುವುದೂ ಹೆಚ್ಚಾಗಿ ಎರಡು ಸಣ್ಣ ಭಾಗಗಳ ಕೈಯಲ್ಲಿದೆ. ಒಂದು, ಎದೆಗೆ ಹಿಡಿಯುವ ಆಲಿಕೆಯಂಥ ಫ್ಲ್ಯಾಂಜ್. ಇನ್ನೊಂದು, ಅದರ ಕೆಳಗೆ ಕೂರುವ, ಬೆರಳ ತುದಿಯಷ್ಟು ದೊಡ್ಡ ಸಿಲಿಕಾನ್ ವಾಲ್ವ್.

ಫ್ಲ್ಯಾಂಜ್ ವಿಷಯಕ್ಕೆ ಮನೆಯಲ್ಲಿರುವ ಸ್ಕೇಲ್ ಸಾಕು. ಮಗು ಹಾಲು ಕುಡಿದ ಕೂಡಲೇ ಅಳೆಯಬೇಡಿ, ಆಗ ತೊಟ್ಟು ಉಬ್ಬಿರುತ್ತದೆ. ತೊಟ್ಟಿನ ಬುಡದ ಅಗಲವನ್ನಷ್ಟೇ ಅಳೆಯಿರಿ, ಸುತ್ತಲಿನ ಕಪ್ಪು ಭಾಗ ಲೆಕ್ಕಕ್ಕಿಲ್ಲ. ಬಂದ ಅಳತೆಗೆ ಸೊನ್ನೆಯಿಂದ 3 ಮಿ.ಮೀ.ವರೆಗೆ ಕೂಡಿಸಿ. 16 ಮಿ.ಮೀ. ಬಂದರೆ 17 ಅಥವಾ 19ರ ಫ್ಲ್ಯಾಂಜ್ ಹಾಕಿ ನೋಡಬಹುದು. ಡಬ್ಬಿಯಲ್ಲಿ ಸಾಮಾನ್ಯವಾಗಿ ಬರುವುದು 24 ಮಿ.ಮೀ.ನದು, ಅದು ಅನೇಕರಿಗೆ ದೊಡ್ಡದಾಗುತ್ತದೆ. ದೊಡ್ಡದಾದರೆ ಕಪ್ಪು ಭಾಗವೂ ತೊಟ್ಟಿನ ಜೊತೆ ಕೊಳವೆಯೊಳಗೆ ಸೇರಿ ಊದಿಕೊಳ್ಳುತ್ತದೆ, ಹಾಲು ಕಡಿಮೆ ಬರುತ್ತದೆ. ಚಿಕ್ಕದಾದರೆ ತೊಟ್ಟು ಗೋಡೆಗೆ ಉಜ್ಜಿ ಬಿಳಿಚಿಕೊಳ್ಳುತ್ತದೆ, ಉರಿಯುತ್ತದೆ. ಸರಿಯಾದ ಅಳತೆಯಲ್ಲಿ ತೊಟ್ಟು ಮಾತ್ರ ಹಿಂದೆ ಮುಂದೆ ಸಲೀಸಾಗಿ ಆಡುತ್ತದೆ, ನೋವಿರುವುದಿಲ್ಲ. ದೊಡ್ಡ ಫ್ಲ್ಯಾಂಜಿನ ಒಳಗೆ ಕೂರಿಸುವ ಸಿಲಿಕಾನ್ ಇನ್ಸರ್ಟ್‌ಗಳು ಬಿಡಿಯಾಗಿ ಸಿಗುತ್ತವೆ, ಹಾಗಾಗಿ ಹೊಸ ಪಂಪ್ ಬೇಕಾಗುವುದಿಲ್ಲ. ಎಡಕ್ಕೂ ಬಲಕ್ಕೂ ಅಳತೆ ಬೇರೆ ಇರಬಹುದು. ಕೆಲವು ವಾರ ಕಳೆದ ಮೇಲೆ ಇನ್ನೊಮ್ಮೆ ಅಳೆಯಿರಿ.

ಯಾವ ಬಗೆಯ ಪಂಪ್ ಎಂಬುದು ದಿನಕ್ಕೆ ಎಷ್ಟು ಸಲ ಹಾಲು ತೆಗೆಯಬೇಕು ಎನ್ನುವುದರ ಮೇಲೆ ನಿಂತಿದೆ. ಮನೆಯಲ್ಲೇ ಇದ್ದು, ಮಗು ಎದೆಹಾಲನ್ನೇ ಚೆನ್ನಾಗಿ ಕುಡಿಯುತ್ತಿದ್ದು, ಎಲ್ಲೋ ಒಂದೊಂದು ಸಲ ಬೇಕೆಂದರೆ ಹಿಡಿಕೆ ಒತ್ತುವ ಕೈಪಂಪ್ ಧಾರಾಳ. ಕೆಲಸಕ್ಕೆ ಮರಳುವವರಿಗೆ ಎರಡೂ ಕಡೆ ಒಟ್ಟಿಗೆ ತೆಗೆಯುವ ಡಬಲ್ ಎಲೆಕ್ಟ್ರಿಕ್ ಪಂಪ್ ಬೇಕು, ಸಮಯ ಅರ್ಧಕ್ಕಿಳಿಯುತ್ತದೆ. ಕರೆಂಟ್ ಹೋಗುವ ಊರಾದರೆ ಚಾರ್ಜ್ ಆಗುವ ಬ್ಯಾಟರಿ ಇರುವುದನ್ನೇ ಆರಿಸಿ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾದ ಮೇಲೆ ಹೆರಿಗೆ ರಜೆ ಮೊದಲ ಎರಡು ಮಕ್ಕಳಿಗೆ 26 ವಾರ. 50 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಯಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿಗೆ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಲು ಬಿಡಬೇಕು. ಅದನ್ನು ಮೊದಲು ಕೇಳಿ ತಿಳಿದುಕೊಳ್ಳಿ. ಮಗುವೇ ಹತ್ತಿರವಿದ್ದರೆ ಪಂಪಿನ ಕೆಲಸ ಬಹಳ ಕಡಿಮೆಯಾಗುತ್ತದೆ.

ಮಗು ದಿನ ತುಂಬುವ ಮೊದಲೇ ಹುಟ್ಟಿ ಎನ್‌ಐಸಿಯುನಲ್ಲಿದ್ದರೆ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಲೆಕ್ಕವೇ ಬೇರೆ. ಆಗ ಹೆರಿಗೆಯಾದ ಮೊದಲ ಕೆಲವು ಗಂಟೆಗಳಲ್ಲೇ ಶುರು ಮಾಡಿ, ರಾತ್ರಿಯೂ ಸೇರಿ ದಿನಕ್ಕೆ 8ರಿಂದ 10 ಸಲ ತೆಗೆಯಬೇಕಾಗುತ್ತದೆ. ಇದಕ್ಕೆ ಹಲವರು ಬಳಸಲೆಂದೇ ಮಾಡಿದ ಆಸ್ಪತ್ರೆ ದರ್ಜೆಯ ಪಂಪನ್ನು ಬಾಡಿಗೆಗೆ ಪಡೆಯುವುದು ಒಳ್ಳೆಯದು. ಫ್ಲ್ಯಾಂಜ್, ಟ್ಯೂಬು, ವಾಲ್ವ್ ಮಾತ್ರ ನಿಮ್ಮದೇ ಆಗಿರಲಿ. ಅಕ್ಕನದೋ ಗೆಳತಿಯದೋ ಹಳೆಯ ಪಂಪ್ ಸಿಕ್ಕಿತೆಂದು ತೆಗೆದುಕೊಳ್ಳಬೇಡಿ. ಹಾಲು ಟ್ಯೂಬಿಗೆ ಹೋಗದಂತೆ ತಡೆಯುವ ಪೊರೆ ಇಲ್ಲದ ಪಂಪುಗಳಲ್ಲಿ ಮೋಟಾರಿನೊಳಗೇ ಬೂಷ್ಟು ಕಟ್ಟಿರಬಹುದು, ಅದನ್ನು ತೊಳೆಯಲು ದಾರಿಯಿಲ್ಲ.

ಬ್ರಾ ಒಳಗೆ ಕೂರುವ ಪಂಪುಗಳು ಬಹಳ ಅನುಕೂಲ ನಿಜ. ಆದರೆ ತೊಟ್ಟು ಮಧ್ಯಕ್ಕೆ ಕೂತಿದೆಯೇ ಎಂದು ಕಾಣುವುದು ಕಷ್ಟ, ಬಗ್ಗಿದರೆ ಹಾಲು ಚೆಲ್ಲುತ್ತದೆ. ಎರಡನೆಯ ಪಂಪಾಗಿ ಸರಿ, ಮೊದಲನೆಯದಾಗಿ ಬೇಡ. ಹಳೆಯ ಹಾರನ್ನಿನಂಥ ರಬ್ಬರ್ ಬುರುಡೆಯ ಪಂಪ್ ಮಾತ್ರ ಯಾರಿಗೂ ಬೇಡ. ಎಷ್ಟು ಎಳೆಯುತ್ತಿದೆ ಎಂಬುದು ಹಿಡಿತಕ್ಕೆ ಸಿಗುವುದಿಲ್ಲ, ಬುರುಡೆಯೊಳಗೆ ಹೋದ ಹಾಲು ಅಲ್ಲೇ ಕೊಳೆಯುತ್ತದೆ.

ಮೊದಲ ಎರಡು ಮೂರು ದಿನದ ಹಳದಿ ಗಿಣ್ಣುಹಾಲು ತೆಗೆಯಲು ಪಂಪಿಗಿಂತ ಕೈಯೇ ಮೇಲು. ಅದು ಬರುವುದು ಹನಿ ಹನಿಯಾಗಿ, ಪಂಪಿನ ಗೋಡೆಗೇ ಅಂಟಿ ಹೋಗುತ್ತದೆ. ಹೆಬ್ಬೆರಳು ಮೇಲೆ, ಉಳಿದ ಬೆರಳು ಕೆಳಗೆ, ತೊಟ್ಟಿನಿಂದ ಎರಡು ಮೂರು ಸೆಂ.ಮೀ. ಹಿಂದಕ್ಕೆ ಇಟ್ಟು ಮೊದಲು ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಬೆರಳುಗಳನ್ನು ಹತ್ತಿರ ತಂದು ಬಿಡಿ. ಚರ್ಮದ ಮೇಲೆ ಬೆರಳು ಜಾರಬಾರದು. ಕುದಿಸಿ ಆರಿಸಿದ ಬಟ್ಟಲಿಗೆ ಹಿಂಡಿ ಒಳಲೆಯಲ್ಲಿ ಕುಡಿಸಬಹುದು.

ಪಂಪ್ ಹಾಕಿದಾಗ ಮೊದಲು ಒಂದೆರಡು ನಿಮಿಷ ಬೇಗ ಬೇಗ ಮೆಲ್ಲಗೆ ಎಳೆಯುವ ಮೋಡ್ ಇಡಿ. ಹಾಲು ಇಳಿಯಲು ಶುರುವಾದ ಮೇಲೆ ನಿಧಾನವಾಗಿ ಆಳಕ್ಕೆ ಎಳೆಯುವ ಮೋಡಿಗೆ ಬದಲಿಸಿ. ಕರು ಬಾಯಿ ಹಾಕಿದಾಗ ಹಸು ತೊರೆ ಬಿಡುವುದು ಹೇಗೋ ಇದೂ ಹಾಗೇ, ಬರೀ ಜೋರಿಗೆ ಬಗ್ಗುವುದಿಲ್ಲ. ಸೆಳೆತವನ್ನು ಸ್ವಲ್ಪ ಹಿಂಸೆ ಎನಿಸುವವರೆಗೆ ಏರಿಸಿ, ಅಲ್ಲಿಂದ ಒಂದು ಹಂತ ಇಳಿಸಿ ನಿಲ್ಲಿಸಿ. 15ರಿಂದ 20 ನಿಮಿಷ ಸಾಕು. ಮಗುವಿಗೆ ಎದೆಹಾಲು ಕೊಡುತ್ತಾ ನಡುವೆ ತೆಗೆದರೆ ಎರಡೂ ಕಡೆ ಸೇರಿ 15ರಿಂದ 60 ಮಿ.ಲೀ. ಬರುವುದು ಸಹಜ. ಬಾಟಲಿ ನೋಡಿ ಮನೆಯವರು ‘ಹಾಲು ಸಾಲದು’ ಎಂದರೆ ದಯವಿಟ್ಟು ನಂಬಬೇಡಿ. ಮೊದಲ ವಾರ ಕಳೆದ ಮೇಲೆ ಮಗು ದಿನಕ್ಕೆ ಆರು ಸಲವಾದರೂ ಚೆನ್ನಾಗಿ ಉಚ್ಚೆ ಹೊಯ್ಯುತ್ತಿದೆಯೇ, ತೂಕ ಏರುತ್ತಿದೆಯೇ ಎಂದು ನೋಡಿ.

‘ನಿನ್ನೆವರೆಗೆ ಸರಿ ಇತ್ತು, ಇವತ್ತು ಎಳೆಯುತ್ತಿಲ್ಲ’ ಎಂದಾಗ ಮೋಟಾರನ್ನು ದೂರುವ ಮೊದಲು ವಾಲ್ವ್ ಬಿಚ್ಚಿ ನೋಡಿ. ಬಾತುಕೋಳಿಯ ಕೊಕ್ಕಿನಂತಿರುವ ಅದರ ತುದಿಯಲ್ಲಿ ಒಂದು ಸೀಳಿದೆ. ಬೆಳಕಿಗೆ ಹಿಡಿದಾಗ ಸೀಳು ಪೂರ್ತಿ ಮುಚ್ಚಿರಬೇಕು. ಕೂದಲೆಳೆಯಷ್ಟು ಬೆಳಕು ಕಂಡರೂ ಗಾಳಿ ನುಗ್ಗುತ್ತದೆ, ಸೆಳೆತ ಬೀಳುತ್ತದೆ. ಬ್ರಷ್ ತುರುಕಿ ತೊಳೆಯುವುದರಿಂದಲೇ ಅದು ಹೆಚ್ಚಾಗಿ ಹರಿಯುವುದು. ಎರಡು ಬೆರಳಲ್ಲಿ ಅದುಮಿ ನೀರು ಹಾಯಿಸಿದರೆ ಸಾಕು. ದಿನಕ್ಕೆ ಮೂರು ನಾಲ್ಕು ಸಲ ಬಳಸುವವರು ಒಂದೆರಡು ತಿಂಗಳಿಗೊಮ್ಮೆ ಬದಲಿಸಬೇಕು. ಆದ್ದರಿಂದ ಕೊಳ್ಳುವ ಮೊದಲೇ ಆ ಮಾಡೆಲ್ಲಿನ ವಾಲ್ವ್, ಪೊರೆ, ಟ್ಯೂಬು ಬಿಡಿಯಾಗಿ ಸಿಗುತ್ತವೆಯೇ ನೋಡಿ. ಸಿಗದಿದ್ದರೆ ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ.

ಹಾಲು ತಾಗುವ ಭಾಗಗಳನ್ನು ಪ್ರತಿ ಸಲವೂ ಬಿಚ್ಚಿ ಸೋಪುನೀರಲ್ಲಿ ತೊಳೆಯಿರಿ, ಸಿಂಕಿನಲ್ಲಲ್ಲ, ಅದಕ್ಕೆಂದೇ ಇಟ್ಟ ಪಾತ್ರೆಯಲ್ಲಿ. ಎರಡು ತಿಂಗಳೊಳಗಿನ ಮಗುವಾದರೆ ದಿನಕ್ಕೊಮ್ಮೆ 5 ನಿಮಿಷ ಕುದಿಸಿ. ಬೋರ್‌ವೆಲ್ ನೀರಲ್ಲಿ ಕುದಿಸಿದರೆ ವಾಲ್ವ್ ಮೇಲೆ ಬಿಳಿ ಪದರ ಕೂತು ಸೀಳು ಮುಚ್ಚುವುದಿಲ್ಲ. ಆರ್‌ಒ ಫಿಲ್ಟರ್ ನೀರೇ ಬಳಸಿ. ಟ್ಯೂಬಿನಲ್ಲಿ ಆವಿಯ ಹನಿ ಕಂಡರೆ ಅದೊಂದನ್ನೇ ಜೋಡಿಸಿ ಪಂಪನ್ನು ಒಂದೆರಡು ನಿಮಿಷ ಓಡಿಸಿ.

ತೆಗೆದ ಹಾಲು 25 ಡಿಗ್ರಿಯವರೆಗಿನ ಕೋಣೆಯಲ್ಲಿ 4 ಗಂಟೆ ಇರುತ್ತದೆ. ಏಪ್ರಿಲ್‌ನ ರಾಯಚೂರು, ಕಲಬುರಗಿಯಲ್ಲಿ ಆ ಲೆಕ್ಕ ನಡೆಯದು, ತೆಗೆದ ಕೂಡಲೇ ಫ್ರಿಜ್ಜಿಗಿಡಿ, ಬಾಗಿಲಲ್ಲಲ್ಲ, ಒಳಗೆ ಹಿಂಬದಿಗೆ. ಅಲ್ಲಿ 4 ದಿನ. ಬೇರೆ ಬಾಗಿಲಿರುವ ಫ್ರೀಜರ್‌ನಲ್ಲಿ 6 ತಿಂಗಳು ಇಡಬಹುದು, ಸಿಂಗಲ್ ಡೋರ್ ಫ್ರಿಜ್ಜಿನ ಐಸ್ ಪೆಟ್ಟಿಗೆಯಲ್ಲಿ ಎರಡು ವಾರ ದಾಟಿಸಬೇಡಿ. ಹಾಲನ್ನು ಕರಗಿಸಲು ಉಗುರುಬೆಚ್ಚಗಿನ ನೀರಿನ ಬಟ್ಟಲಲ್ಲಿ ಇಡಿ, ಮೈಕ್ರೋವೇವ್ ಬೇಡ. ಕೆಲವರ ಹಾಲು ಕರಗಿದ ಮೇಲೆ ಸೋಪಿನ ವಾಸನೆ ಹೊಡೆಯುತ್ತದೆ. ಹಾಲಿನಲ್ಲೇ ಇರುವ ಲೈಪೇಸ್ ಎಂಬ ಕಿಣ್ವ ಕೊಬ್ಬನ್ನು ಒಡೆಯುವುದರಿಂದ ಹಾಗಾಗುತ್ತದೆ, ಕೆಟ್ಟಿದೆ ಎಂದಲ್ಲ. ಆದರೆ ಕೆಲವು ಮಕ್ಕಳು ಮುಖ ತಿರುಗಿಸುತ್ತವೆ. ಅದಕ್ಕೇ ಫ್ರೀಜರ್ ತುಂಬುವ ಮೊದಲು 30 ಮಿ.ಲೀ.ನ ಒಂದೇ ಪ್ಯಾಕೆಟ್ ಒಂದು ವಾರ ಇಟ್ಟು, ಕರಗಿಸಿ, ಮಗುವಿಗೆ ಕುಡಿಸಿ ನೋಡಿ.